‘ಕೇಳ್ತಿದೀನಿ ಅಷ್ಟೇ’ ಎನ್ನುವ ಧರ್ಮೇಂದ್ರ

ಬಿಳಿಕೆರೆಯ ಧರ್ಮೇಂದ್ರನಿಗೆ ನೇರವಾಗಿ ನಡೆದು ಗೊತ್ತಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾನೆ, ಕತ್ತನ್ನು ಮಾತ್ರ ಹಿಂದಕ್ಕೆ ಹೊರಳಿಸಿ ಬಂದ ದಾರಿಯನ್ನೊಮ್ಮೆ ಪರೀಕ್ಷಿಸುತ್ತಾನೆ, ಯಾರೂ ಹಿಂಬಾಲಿಸುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಅದರಿಂದಲೇ ತುಸು ನಿರಾಶನಾದವನ ಹಾಗೆ ಮುಂದಿನ ಹೆಜ್ಜೆ ಎತ್ತುತ್ತಾನೆ. ಬಸ್ಸುಗಳೂ ಲಾರಿಗಳೂ ಕೊಡಗಿಗೆ ಓಡುವ ಪ್ರವಾಸಿಗಳ ಕಾರುಗಳೂ ಮೈಮೇಲೆ ಬೀಳುವಂತೆ ನುಗ್ಗುವ ಹುಣಸೂರು ಹೆದ್ದಾರಿಯ ಅಂಚಿನಲ್ಲಿ, ಹಿಂದೆ ನೋಡಿಕೊಂಡು ಮುಂದೆ ನಡೆಯುವ ಈ ಮನುಷ್ಯ ಇಷ್ಟು ವರ್ಷ ಹೇಗೆ ಬದುಕುಳಿದನೆಂಬುದು ನನಗೆ ಇವತ್ತಿಗೂ ಸೋಜಿಗ. ಒಮ್ಮೆ ಅವನನ್ನೇ ಕೇಳಿದ್ದೆ. "ಯಾರ್ ಉಳಿಸ್ತಾವ್ರೆ, ಯಾಕ್ ಉಳಿಸ್ತಾವ್ರೆ ಅಂತ ನಾನೂ ಯೋಚ್ನೆ ಮಾಡ್ತಾ ಇವ್ನಿ ಮೇಷ್ಟ್ರೇ" ಎಂದ. ನಗುತ್ತಾ ಹೇಳಿದ್ದರೆ ಸರಿಯಿತ್ತು, ನಗಲಿಲ್ಲ.

ಐವತ್ತರ ಆಸುಪಾಸಿನ ಆಸಾಮಿ. ಬೇಸಿಗೆಯಿರಲಿ ಚಳಿಯಿರಲಿ, ಅಂಗಿಯ ಮೇಲೆ ಬೂದುಬಣ್ಣದ ತೋಳಿಲ್ಲದ ಕೋಟು. ಅದರ ಮೈತುಂಬ ಜೇಬುಗಳು. ಜೇಬಿನ ತುಂಬ ಫೋನು, ಇನ್ನೊಂದು ಫೋನು, ಮೈಕು, ಸುತ್ತಿಟ್ಟ ವಯರು. ಮೊದಲು ಅವನು ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಅವನ ಕ್ಯಾಮೆರಾ ನುಗ್ಗದ ಚಪ್ಪರವಿಲ್ಲ, ಕಾಣದ ಶಾಸ್ತ್ರವಿಲ್ಲ. ಯಾವ ಮನೆಯವರು ಧಾರೆಗೆ ಮುಂಚೆ ಏನು ಮಾಡುತ್ತಾರೆ, ಯಾವ ಕುಲದವರು ಹೆಣ್ಣನ್ನು ಹೇಗೆ ಮನೆತುಂಬಿಸಿಕೊಳ್ಳುತ್ತಾರೆ ಎಂಬುದೆಲ್ಲ ಪುರೋಹಿತರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಎಲ್ಲರ ಕೈಗೂ ಫೋನು ಬಂದು ಮದುವೆಯ ಕಸುಬು ಸೊರಗಿದಾಗ ‘ಬಿಳಿಕೆರೆ ಕಣ್ಣು’ ಎಂಬ ಹೆಸರಿನ ಒಂದು ಯೂಟ್ಯೂಬ್ ಚಾನೆಲ್ಲು ತೆರೆದ.

ಅವನ ಸಂಶಯಪ್ರವೃತ್ತಿ ಚಾನೆಲ್ಲಿಗಿಂತ ಹಳೆಯದು. ಪಿರಿಯಾಪಟ್ಟಣದ ಕಡೆಯ ಕೊಪ್ಪದ ಮಾರುಕಟ್ಟೆಯಲ್ಲಿ ಟಿಬೆಟಿನ ಹೆಂಗಸೊಬ್ಬಳು ಸ್ವೆಟರಿಗೆ ಕಡಿಮೆ ಬೆಲೆ ಹೇಳಿದಳೆಂದು ಅದನ್ನು ತಿರುವಿ ಮುರುವಿ, ಮೂಸಿ, ಬಿಸಿಲಿಗೆ ಹಿಡಿದು, "ಇಷ್ಟ್ ಕಮ್ಮಿಗೆ ಯಾಕ್ ಕೊಡ್ತಾ ಇದೀರಾ?" ಎಂದು ಪೀಡಿಸಿದ. ಅವಳು ರೇಗಿ ಬೆಲೆ ಏರಿಸಿದ ಮೇಲೆ ಸಮಾಧಾನದಿಂದ ಕೊಂಡ. ನಾನು ಪಕ್ಕದಲ್ಲೇ ಇದ್ದೆ. ಚಾನೆಲ್ಲು ತೆರೆದ ಮೇಲೆ, ಎನ್. ಬೇಗೂರಿನ ಕಡೆ ಹುಲಿಯೊಂದು ಹಸುವನ್ನು ಹಿಡಿದಾಗ ಅಲ್ಲಿಗೂ ಹೋಗಿ, ಹೆಜ್ಜೆಗುರುತಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, "ಈ ಹುಲಿ ಈ ಕಾಡಿನದೇನಾ ವೀಕ್ಷಕರೇ? ಯಾರಾದ್ರೂ ಲಾರೀಲಿ ತಂದು ಬಿಟ್ಟಿದ್ರೆ? ನಾನೇನೂ ಹೇಳ್ತಿಲ್ಲ, ಕೇಳ್ತಿದೀನಿ ಅಷ್ಟೇ" ಎಂದ. ಆಮೇಲೆ ಬಹಳ ದಿನ ಕೇರಳದ ಲಾರಿ ಕಂಡರೆ ಸಾಕು, ಊರಿನವರು ತಡೆದು ಟಾರ್ಪಾಲು ಎತ್ತಿಸಿ ನೋಡುತ್ತಿದ್ದರು.

ಈ "ಕೇಳ್ತಿದೀನಿ ಅಷ್ಟೇ" ಅವನ ಊರುಗೋಲು. ಅದಿಲ್ಲದೆ ಅವನ ಮಾತು ಎದ್ದು ನಿಲ್ಲದು. ಹಾಗೆಂದು ಬರೀ ಕೇಡಿಗನೆಂದೂ ಅನ್ನಲಾರೆ. ಒಮ್ಮೆ ಯಾರೋ ಕಂಟ್ರಾಕ್ಟರು ಕಟ್ಟದ ಮೋರಿಗೆ ಕಟ್ಟಿದೆನೆಂದು ಬೋರ್ಡು ನೆಟ್ಟಿದ್ದ. ಧರ್ಮೇಂದ್ರ ಆ ಬೋರ್ಡಿನ ಕೆಳಗೆ ದಿನವೂ ನಿಂತು "ಮೋರಿ ಎಲ್ಲಿ ವೀಕ್ಷಕರೇ?" ಎಂದು ಕೇಳಿ ಕೇಳಿ, ಕೊನೆಗೆ ಮೋರಿ ಕಟ್ಟಿಸಿಯೇ ಬಿಟ್ಟ. ಆ ದಿನ ಅವನಿಗೆ ಹಾರ ಹಾಕಿದವರಲ್ಲಿ ನಾನೂ ಒಬ್ಬ. ಹಾರವನ್ನೂ ಅವನು ಹಾಕಿಕೊಳ್ಳುವ ಮುನ್ನ ಒಳಗೇನಿದೆಯೆಂದು ಬಿಡಿಸಿ ನೋಡಿದ, ಬಿಡಿ!

ಈ ವರ್ಷದ ಮಳೆಗಾಲದ ಕೊನೆಯಲ್ಲಿ ನಂದಿತಾ ಕಾಣೆಯಾದಳು.

ಬಿಳಿಕೆರೆಗೆ ಹತ್ತಿರದ ಹಳ್ಳಿಯ ಹುಡುಗಿ, ಕಾಂತರಾಜು ಮತ್ತು ರುಕ್ಮಿಣಮ್ಮನ ಒಬ್ಬಳೇ ಮಗಳು. ಜಿಲ್ಲಾ ಕ್ರೀಡಾಕೂಟದ ಓಟದಲ್ಲಿ ಗೆದ್ದವಳು. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಯ ದೈಹಿಕ ಪರೀಕ್ಷೆಗೆಂದು ಬೆಳಗಿನ ಜಾವ ಹೆದ್ದಾರಿಯಲ್ಲಿ ಓಡುತ್ತಿದ್ದಳು. ಮುಂದೆ ಅವಳ ಜಡೆ ಕುಣಿಯುವುದು, ಹಿಂದೆ ಅಪ್ಪನ ಟಿವಿಎಸ್ ಮೊಪೆಡ್ಡು ಬೆಳಕು ಚೆಲ್ಲುತ್ತಾ ಗುಡುಗುಡು ಬರುವುದು. ಮೊದಲ ಬಸ್ಸು ಹಿಡಿಯುತ್ತಿದ್ದ ನಮಗೆಲ್ಲ ಅದು ಸೂರ್ಯೋದಯದಷ್ಟೇ ರೂಢಿಯಾದ ನೋಟ. ಆದರೆ ಆ ಒಂದು ದಿನ ಕಾಂತರಾಜು ಹಿಂದೆ ಹೋಗಲಿಲ್ಲ. ಅವನ ಬ್ಯಾರನ್ ಮನೆಯಲ್ಲಿ, ಎಂದರೆ ಸೊಪ್ಪು ಒಣಗಿಸುವ ಗೂಡಿನಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಬೆಂಕಿ ಹೆಚ್ಚಿದರೂ ಸೊಪ್ಪು ಕೆಟ್ಟೀತು, ಇಳಿದರೂ ಕೆಟ್ಟೀತು, ಒಲೆಯ ಮುಂದೆ ಆಳಿರಲೇಬೇಕು. ನಂದಿತಾ ಒಬ್ಬಳೇ ಓಡಲು ಹೋದಳು, ತಿರುಗಿ ಬರಲಿಲ್ಲ. ರಸ್ತೆಯ ಪಕ್ಕದ ಬೇಲಿಯಲ್ಲಿ ಅವಳ ಜಡೆಯ ರಬ್ಬರ್ ಬ್ಯಾಂಡು ಸಿಕ್ಕಿತು, ಅಷ್ಟೇ.

ಅಷ್ಟು ಸಾಕಾಯಿತು ಜನಕ್ಕೆ. ಮಧ್ಯಾಹ್ನದೊಳಗೆ ನಾಲ್ಕು ತಾಲ್ಲೂಕಿನ ವಾಟ್ಸಾಪಿನಲ್ಲಿ ಅವಳು ಯಾರೊಡನೆಯೋ ಓಡಿಹೋದಳು, ಸಂಜೆಗೆ ಲಾರಿಯಡಿ ಸಿಕ್ಕಳು, ಮರುದಿನ ಕೊಲೆಯಾದಳು. ಅವಳ ಜೊತೆ ಅಭ್ಯಾಸ ಮಾಡುತ್ತಿದ್ದ ಹುಡುಗ ಹುಡುಗಿಯರು ಮಾತ್ರ ಇದ್ಯಾವುದಕ್ಕೂ ಕಿವಿಗೊಡದೆ, ಅವಳ ಫೋಟೋ ಹಿಡಿದು ಬೈಕುಗಳಲ್ಲಿ ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರದ ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ ವಿಚಾರಿಸುತ್ತಾ ತಿರುಗಿದರು. ಬದುಕಿದ್ದಾಳೆಂದು ನಂಬಿ ಹುಡುಕಿದವರು ಅವರಷ್ಟೇ.

ಪಿತೃಪಕ್ಷ ಬಂತು. ನಮ್ಮ ಸೀಮೆಯಲ್ಲಿ ಒಂದೊಂದು ಊರು ಒಂದೊಂದು ದಿನ ಹಿರಿಯರಿಗೆ ಎಡೆಯಿಡುವುದು ವಾಡಿಕೆ. ಕಾಂತರಾಜುವಿನ ಊರಿನ ಸರದಿ ಮೊದಲು ಬಂದಿತು. ಅದೇ ದಿನ ಧರ್ಮೇಂದ್ರ ತನ್ನ ಕೋಟು ಹಾಕಿಕೊಂಡು, ಹಿಂದೆ ಮುಂದೆ ನೋಡಿಕೊಂಡು ಅವರ ಬಾಗಿಲಲ್ಲಿ ನಿಂತ. ರುಕ್ಮಿಣಮ್ಮನ ಮದುವೆಯ ವಿಡಿಯೋ ತೆಗೆದವನು ಅವನೇ. ಆ ತಾಯಿ ಅವನನ್ನು ಕಂಡೊಡನೆ ಅತ್ತು, ಒಳಗೆ ಕರೆದು, ನೀರು ಕೊಟ್ಟು, ಒಂದೇ ಒಂದು ಮಾತು ಬೇಡಿಕೊಂಡಳಂತೆ: "ಅಣ್ಣಾ, ನಿಮ್ ಚಾನೆಲ್ನ ಎಲ್ರೂವೆ ನೋಡ್ತಾರೆ. ಈ ಮಗೀನ ಎಲ್ಲಾರ ಕಂಡಿದ್ದೀರಾ ಅಂತ ಒಂದ್ ಮಾತ್ ಕೇಳ್ಬುಡಿ ಅಣ್ಣಾ."

ಸಂಜೆ ವಿಡಿಯೋ ಬಂತು. ಅದರಲ್ಲಿ ಆ ಮಾತಿಲ್ಲ. ಕಳಶ, ಸತ್ತ ತಾತನಿಗೆ ಬೀಡಿಕಟ್ಟು, ಬಾಡಿನ ಸಾರು, ವಡೆ, ಅಜ್ಜಿಯ ಹೆಸರಿಗೆ ಸೀರೆ, ಎಲ್ಲವನ್ನೂ ದಾಟಿಕೊಂಡು ಕ್ಯಾಮೆರಾ ಒಂದು ಮೂಲೆಗೆ ಹೋಗಿ ನಿಂತಿತು. ಅಲ್ಲಿ ಮಡಿಸಿಟ್ಟ ಹಸಿರು ಬಣ್ಣದ ಹೊಸ ಟೀ ಶರ್ಟು, ಓಡುವಾಗ ತೊಡುವ ಕರಿಯ ಪ್ಯಾಂಟು, ಮೇಲೆ ಚಿಟಿಕೆ ಕುಂಕುಮ. ಧರ್ಮೇಂದ್ರನ ದನಿ ತಗ್ಗಿತು. "ಎಡೆ ಇಡೋದು ಯಾರಿಗೆ ವೀಕ್ಷಕರೇ? ಸತ್ತೋರಿಗೆ. ಹೆಣ ಸಿಕ್ಕಿಲ್ಲ, ಸುದ್ದಿ ಇಲ್ಲ. ಹಾಗಿದ್ಮೇಲೆ ಮಗಳು ಇಲ್ಲ ಅಂತ ಈ ಮನೆಯವರಿಗೆ ಹೇಗೆ ಗೊತ್ತಾಯ್ತು? ದಿನಾ ಹಿಂದೆ ಹೋಗ್ತಿದ್ದ ಅಪ್ಪ ಅವತ್ತೊಂದು ದಿನ ಯಾಕೆ ಹೋಗಲಿಲ್ಲ? ಬ್ಯಾರನ್ ಒಲೇಲಿ ಅವತ್ತು ಬೆಂದಿದ್ದು ಬರೀ ಸೊಪ್ಪೇನಾ? ನಾನೇನೂ ಹೇಳ್ತಿಲ್ಲ, ಕೇಳ್ತಿದೀನಿ ಅಷ್ಟೇ."

ಅಯ್ಯೋ, ಆಮೇಲಿನದನ್ನು ಏನೆಂದು ಬರೆಯಲಿ! ದುಬೈಯಿಂದ, ದಾವಣಗೆರೆಯಿಂದ, ಎಡೆಯೆಂದರೇನೆಂದು ಕಂಡಿರದವರೆಲ್ಲ ಬರೆದರು: ಮರ್ಯಾದೆಗೇಡು ಹತ್ಯೆ, ತಾಯಿಯನ್ನು ಮೊದಲು ಒಳಗೆ ಹಾಕಿ, ಒಲೆಯ ಬೂದಿ ಪರೀಕ್ಷಿಸಿ. ಪೊಲೀಸರು ಬಂದು ಬೂದಿ ಕೊಂಡೊಯ್ದರು. ಬಸ್ ನಿಲ್ದಾಣಗಳಲ್ಲಿ ಫೋಟೋ ಹಿಡಿದು ತಿರುಗುತ್ತಿದ್ದ ಗೆಳೆಯರು ವಾಪಸು ಬಂದು, ಬ್ಯಾರನ್ ಮನೆಯ ಹಿಂದಿನ ತಿಪ್ಪೆಯನ್ನು ಕೋಲಿನಿಂದ ಕೆದಕತೊಡಗಿದರು. ಬದುಕಿರುವವಳನ್ನು ಹುಡುಕುವವರು ಅಲ್ಲಿಗೆ ಮುಗಿದರು.

ನಾನು ಹೋದಾಗ ಕಾಂತರಾಜು ಆರಿದ ಒಲೆಯ ಮುಂದೆ ಕೂತಿದ್ದ. ಅವನ ಕೈಗಳನ್ನು ನಾನೂ ಒಮ್ಮೆ ದಿಟ್ಟಿಸಿದೆ. ವಿಡಿಯೋ ನೋಡಿದ ಕಣ್ಣು ಸುಮ್ಮನಿರದು. ಅವನು ತಲೆಯೆತ್ತದೆ, "ಒಲೆ ಬುಟ್ಟು ಬರಾಕಾಗ್ಲಿಲ್ಲ ಸಾ. ಅದೊಂದ್ ದಿನ" ಎಂದ. ಅವನು ನಿರಪರಾಧಿಯೆಂದು ನಾನು ಪ್ರಮಾಣ ಮಾಡುತ್ತಿಲ್ಲ; ಮನುಷ್ಯನ ಒಳಗನ್ನು ಕಂಡವರು ಯಾರು? ಆದರೆ ರುಕ್ಮಿಣಮ್ಮ ಆ ಹಸಿರು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ಕೇಳಿದಳು: "ಎಡೆಗಿಟ್ಟ ಹೊಸಬಟ್ಟೇನ ಆಮ್ಯಾಕೆ ಉಡೋರು ಯಾರು ಸಾ? ಬದ್ಕಿರೋರಲ್ವಾ? ಸತ್ತೋರು ಬಂದು ಪ್ಯಾಂಟು ಹಾಕ್ಕತಾರಾ? ಪ್ರತಿ ವರ್ಸ ಅವ್ಳ ಬಟ್ಟೆ ಅಲ್ಲೇ ಮಡಗ್ತಿದ್ದೆ, ಹಿರೀಕ್ರು ಹರಸ್ಲಿ ಅಂತ. ಈ ವರ್ಸ ಮಡಗ್ದೇ ಇದ್ದಿದ್ರೆ ಅಲ್ವಾ ಸಾ, ನಾನು ಅವ್ಳನ್ನ ಸಾಯ್ಸ್‌ದಂಗೆ?"

ಹೌದಲ್ಲ! ನಮ್ಮ ಕಡೆ ಯಾವ ಮಗುವಿಗೂ ಗೊತ್ತಿರುವ ಸಂಗತಿ. ಮನೆಮಂದಿಯ ಹೊಸಬಟ್ಟೆಯೆಲ್ಲ ಅವತ್ತು ಹಿರಿಯರ ಮುಂದೆ ಕೂತು, ಕರ್ಪೂರ ಬೆಳಗಿದ ಮೇಲೆ ಅವರವರ ಮೈಗೇರುತ್ತದೆ. ದೂರದೂರದಲ್ಲಿ ಕೂತು ಬರೆದವರಿಗೆ ಇದು ತಿಳಿಯದಿರಬಹುದು. ಧರ್ಮೇಂದ್ರನಿಗೆ?

ಅವನ ಮನೆಯ ಎಡೆ ಮಹಾಲಯ ಅಮಾವಾಸ್ಯೆಯಂದೇ. ವರ್ಷವೂ ಊಟಕ್ಕೆ ಕರೆಯುತ್ತಾನೆ, ಈ ವರ್ಷವೂ ಕರೆದ. ನಾನು ಹೋದೆ, ಊಟದ ಆಸೆಯಿಂದಲ್ಲ. ಒಳಕೋಣೆಯಲ್ಲಿ ಕಳಶ, ಅವನ ತಂದೆಗೆ ಬಿಳಿಯ ಪಂಚೆ, ತಾಯಿಗೆ ಸೀರೆ, ಎಲೆಯ ತುಂಬ ಅಡುಗೆ. ಪಕ್ಕದಲ್ಲಿ ಅರಿಶಿನ ಬಣ್ಣದ ಹೊಸ ಚೂಡಿದಾರ, ಮೇಲೆ ಚಿಟಿಕೆ ಕುಂಕುಮ. ಕೋಟು ಹಾಕಿಕೊಂಡೇ ಕರ್ಪೂರದ ತಟ್ಟೆ ಹಿಡಿದು ನಿಂತಿದ್ದ ಅವನನ್ನು ಕೇಳಿದೆ: "ಇದು ಯಾರ ಬಟ್ಟೆಯಪ್ಪಾ, ಧರ್ಮೇಂದ್ರ? ನಾನೇನೂ ಹೇಳ್ತಿಲ್ಲ, ಕೇಳ್ತಿದೀನಿ ಅಷ್ಟೇ."

ಅಡುಗೆಮನೆಯಿಂದ ಅವನ ಹೆಂಡತಿ ನಕ್ಕಳು. "ಇನ್ಯಾರ್ದು ಮೇಷ್ಟ್ರೇ, ನಮ್ ಯಶೋಧರಾದು. ಮೈಸೂರಿಂದ ಬಸ್ ಹತ್ತವ್ಳೆ, ಬಂದೇಟ್ಗೆ ಹಾಕ್ಕತಾಳೆ."

ಧರ್ಮೇಂದ್ರ ತಟ್ಟೆ ಕೆಳಗಿಟ್ಟ. ಬಗ್ಗಿ ಆ ಚೂಡಿದಾರವನ್ನು ಬಾಚಿ ಎತ್ತಿಕೊಂಡು ಕೋಟಿನೊಳಗೆ, ಎದೆಗೆ ಒತ್ತಿ ಹಿಡಿದ. ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. "ಏನ್ ಮಾಡುದ್ರಿ? ಕರ್ಪೂರ ಹಚ್ಚೋಕ್ ಮುಂಚೆ ಎತ್ತುಬುಟ್ರಲ್ಲಾ, ಅಪಸಕುನ! ಮಗಿ ಇನ್ನೂ ದಾರೀಲವ್ಳೆ ಕಣ್ರೀ!" ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಬಟ್ಟೆಯನ್ನು ಮತ್ತೆ ಅಲ್ಲೇ ಇಟ್ಟ. ಇಟ್ಟವನು ಜೇಬಿನಿಂದ ಫೋನು ತೆಗೆದು ಮಗಳಿಗೆ ಕರೆ ಮಾಡಿದ. ಅವಳು ಎತ್ತಿಕೊಂಡು "ಅಪ್ಪಾ, ಇಲವಾಲ ದಾಟ್ತಾ ಇದೀನಿ" ಎಂದ ಮೇಲೆಯೇ ಅವನಿಗೆ ಉಸಿರು ಬಂದಿದ್ದು. ಆಗ ನನ್ನ ಕಡೆ ತಿರುಗದೆ ಹೇಳಿದ: "ಅದು ಬೇರೆ, ಇದು ಬೇರೆ ಮೇಷ್ಟ್ರೇ." ಪ್ರಶ್ನೆಯಲ್ಲದ ಮಾತೊಂದನ್ನು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನಾನು ಉಣ್ಣದೆ ಎದ್ದುಬಂದೆ.

ಆ ವಿಡಿಯೋವನ್ನು ಅವನು ತೆಗೆಯುತ್ತಾನೆಂದು ನಾನು ಕಾದೆ. ತೆಗೆಯಲಿಲ್ಲ. ಅದರ ಬದಲು ಹೊಸದೊಂದು ಬಂತು. ಕಾಂತರಾಜುವಿನ ಮನೆಯ ಅಂಗಳದಿಂದ ಕೊಡೆ ಹಿಡಿದು ಹೊರಬರುತ್ತಿರುವ ಮುದುಕನೊಬ್ಬನ ಚಿತ್ರ, ನನ್ನದೇ. "ಹುಣಸೂರಿನ ಈ ನಿವೃತ್ತ ಮೇಷ್ಟ್ರು ಈ ಮನೆಗೆ ಪದೇ ಪದೇ ಯಾಕೆ ಬರ್ತಾರೆ ವೀಕ್ಷಕರೇ? ಇವರಿಗೂ ಅವರಿಗೂ ಏನು ಸಂಬಂಧ?" ಮುಂದಿನ ಮಾತು ನಿಮಗೆ ಗೊತ್ತೇ ಇದೆ. ಈಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಮೊನ್ನೆ ಹಾಲಿನ ಡೇರಿಯ ಮುಂದೆ ನನಗೇ ಅರಿವಿಲ್ಲದೆ ನಿಂತು ಹಿಂದಿರುಗಿ ನೋಡಿದೆ, ಥೂ!

ಸಂಶಯದ ಮನುಷ್ಯನೆಂದರೆ ಏನೂ ತಿಳಿಯದವನು, ತಿಳಿಯಲೆಂದೇ ಕೇಳುತ್ತಾನೆ ಎಂದು ನಾನು ಬಹುಕಾಲ ಭಾವಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಇಂಥವರಿಗೆ ಉತ್ತರ ಗೊತ್ತಿರುತ್ತದೆ; ಅದನ್ನು ತಮ್ಮ ಮನೆಯ ಹೊಸಿಲೊಳಗೆ ಭದ್ರವಾಗಿಟ್ಟು, ಬರಿಯ ಪ್ರಶ್ನೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡು ಪರರ ಮನೆಗೆ ಬರುತ್ತಾರೆ. ಲೋಕದಲ್ಲಿರುವುದನ್ನೆಲ್ಲ ಕೇಳಿಯಾರು, ಉತ್ತರ ಸಿಕ್ಕಿದರೆ ಕೇಳುವ ಸುಖವೇ ಮುಗಿದುಹೋಗುವಂಥ ಪ್ರಶ್ನೆಯೊಂದನ್ನು ಬಿಟ್ಟು. ನಂದಿತಾ ಇನ್ನೂ ಸಿಕ್ಕಿಲ್ಲ. ಈ ಹುಡುಗಿಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಧರ್ಮೇಂದ್ರ ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ.