ಒಡ್ಡಿನ ಒಳಗಿನವರು

ಭಾವ ಒಡ್ಡಿಗೆ ಮೊದಲ ಗುದ್ದಲಿ ಏಟು ಹಾಕಿದಾಗ ಫುಲೇಸರಿ ಹತ್ತು ಹೆಜ್ಜೆ ಆಚೆ ಕೂತು ಮರಳು ಚೀಲದ ಬಾಯಿ ಹೊಲಿಯುತ್ತಿದ್ದಳು. ಅವನು ಬಾಳೆದಿಂಡಿನ ತೆಪ್ಪದಲ್ಲಿ ಒಬ್ಬನೇ ಬಂದಿದ್ದ.

"ಏನ್ ಭಾವ, ಅತ್ತೆಮನೆಗೆ ಬರೋ ದಾರಿ ಇದೇನಾ?" ಕಿಚಾಯಿಸಿಯೇ ರೂಢಿ, ಹಾಗೇ ಬಾಯಿಗೆ ಬಂತು.

"ಬಾಗಿಲು ತೆಗೆಯೋರಿಲ್ಲ. ಗೋಡೆ ಒಡೀತಿದೀನಿ." ಭಾವ ಜೀಬಛ ನಗಲಿಲ್ಲ.

ಕೋಸಿ ನದಿ ಒಡ್ಡಿನ ಅಂಚಿಗೆ ಗೇಣು ಕೆಳಗಿತ್ತು. ಅವನ ಊರು ಒಡ್ಡಿನ ಒಳಗೆ, ನದಿಯ ಕಡೆ, ನೀರಿನಲ್ಲಿ; ಒಡ್ಡು ಒಡೆದರೆ ಆ ನೀರು ಹೊರಗೆ ಹರಿದು ಇಳಿಯುತ್ತಿತ್ತು. ಅಕ್ಕ ಇಬ್ಬರು ಮಕ್ಕಳೊಂದಿಗೆ ಸೂರಿನ ಮೇಲೆ. ಒಡ್ಡಿನ ಹೊರಗೆ, ತಗ್ಗಿನಲ್ಲಿ, ಭೂಮಿಯಿಲ್ಲದ ಮುಸಹರ ಜಾತಿಯವರ ಮೂವತ್ತು ಗುಡಿಸಲು. ಅಲ್ಲಿನ ಮುದುಕರನ್ನು ಶಾಲೆಗೆ ಸಾಗಿಸಿ ಮುಗಿದಿರಲಿಲ್ಲ. ಒಡ್ಡು ಕಾಯುವ ಸಮಿತಿಯಲ್ಲಿ ಈ ಭಾಗದ ಕಾವಲು ಫುಲೇಸರಿಯದು. ಕೊರಳಲ್ಲಿದ್ದ ಸೀಟಿ ಊದಿದರೆ ಲಾಠಿಯವರು ಬರುತ್ತಿದ್ದರು. ಹೋದ ವರ್ಷ ಬಂದಾಗ, ಒಡ್ಡು ಕಡಿಯಲು ಬಂದಿದ್ದ ಒಳಗಿನವನೊಬ್ಬ ಅವರ ಏಟಿಗೆ ಬಿದ್ದು ಮತ್ತೆ ಎದ್ದಿರಲಿಲ್ಲ.

"ಸಮಿತಿ ದೋಣಿ ತಗೊಂಡ್ಹೋಗಿ. ಅಕ್ಕನ್ನ ಕರ್ಕೊಂಡ್ಬನ್ನಿ."

"ಒಂದು ದೋಣೀಲಿ ಇಡೀ ಊರನ್ನ ತುಂಬ್ಲಾ? ಊದೇ, ನೋಡೋಣ. ನಿಮ್ಮಕ್ಕನ ಸಿಂಧೂರ ಅಳಿಸೋ ಧೈರ್ಯ ಇದ್ರೆ ಊದು."

ಮತ್ತೆ ಅಗೆದ. ಮಣ್ಣು ಕುಸಿದು, ನೀರು ತೋಳಿನ ಗಾತ್ರದಲ್ಲಿ ಹೊರಗಿನ ಇಳಿಜಾರಿಗೆ ಹರಿಯಿತು. ಅವಳು ಗುದ್ದಲಿಯ ಕಾವಿಗೆ ಜೋತುಬಿದ್ದಳು. ಅವನು ಅವಳ ಬಾಯಿಗೆ ಗುದ್ದಿದ. ಕೆಳಗೆ ಇಬ್ಬರು ಒಬ್ಬ ಮುದುಕಿಯನ್ನು ಮಂಚ ಸಮೇತ ಹೊತ್ತು ನಡೆಯುತ್ತಿದ್ದರು.

ರಕ್ತದ ಬಾಯಲ್ಲೇ ಅವಳು ಊದಿದಳು.

ಲಾಠಿ ಹಿಡಿದು ಎಂಟು ಜನ ಬಂದರು, ಮುಂದೆ ಬಿಲಟ್ ಕಾಕಾ. ಮೊದಲ ಏಟು ಜೀಬಛನ ಮಂಡಿಗೆ, ಎರಡನೆಯದು ತಲೆಗೆ.

"ಸಾಕು ಬಿಲಟ್ ಕಾಕಾ! ನಮ್ಮ ಭಾವ ಅವ್ರು!"

"ಒಡ್ಡು ಕಡಿಯೋನಿಗೆ ಯಾವಳೇ ನಾದಿನಿ? ಚೀಲ ಹಾಕು, ಹೋಗು!"

ಅವಳು ಕಾಕಾನ ಲಾಠಿ ಹಿಡಿದಳು. ಅವನು ಕೊಡವಿ ಬೀಳಿಸಿದ. ನೀರು ಈಗ ಸೊಂಟದಗಲ ಹರಿಯುತ್ತಿತ್ತು. ಎದ್ದು ಬೆನ್ನು ತಿರುಗಿಸಿದಳು. ತರಬೇತಿಯಲ್ಲಿ ಕಲಿಸಿದಂತೆ ಚೀಲ ಇಟ್ಟಳು: ಹೊಲಿಗೆ ಒಳಕ್ಕೆ, ಒಂದರ ಮೇಲೊಂದು, ಕಾಲಿನಿಂದ ತುಳಿದು. ನಾಲ್ಕನೇ ಚೀಲದ ಹೊತ್ತಿಗೆ ಹಿಂದಿನಿಂದ ನರಳುವ ಸದ್ದು ನಿಂತಿತ್ತು.

ಹರಿವು ನಿಂತ ಮೇಲೆ ಸಮಿತಿಯ ದೋಣಿಯನ್ನು ಒಳಗಿನ ನೀರಿಗೆ ಎಳೆದಳು. ಯಾರೂ ತಡೆಯಲಿಲ್ಲ.

ಸೂರಿನ ಮೇಲಿಂದ ಅಕ್ಕ ಕೂಗಿದಳು: "ಬಾಯಿಗೇನೇ ಆಯ್ತು? ಭಾವ ಸಿಗ್ಲಿಲ್ವಾ? ನಿನ್ನ ಹತ್ರಾನೇ ಬರ್ತೀನಿ ಅಂದಿದ್ರು."

"ಮೊದ್ಲು ಚಿಕ್ಕವಳನ್ನ ಕೊಡು."

ಅಕ್ಕ ಮಗುವನ್ನು ಇಳಿಸಿದಳು, ಆಮೇಲೆ ದೊಡ್ಡವನನ್ನು. ತಾನು ಇಳಿಯುವ ಮೊದಲು ಬಟ್ಟೆಗಂಟು ಬಿಚ್ಚಿ, ಸೂರಿನ ಹುಲ್ಲಿನ ಮೇಲೆ ಹರವಿದ್ದ ಗಂಡನ ಅಂಗಿಯನ್ನು ಮುಟ್ಟಿ ನೋಡಿದಳು. ಒಣಗಿತ್ತು. ತೋಳು ಸರಿಮಾಡಿ ಮಡಿಸಿ, ಒಳಗಿಟ್ಟಳು.