ಏಳೂವರೆ ಮೀಟರ್ ಮಳೆ

ಬೆಳಿಗ್ಗೆ ಹತ್ತೂವರೆಗೆ ನನ್ನ ಕಂಪ್ಯೂಟರಿನೊಳಗಿನ ಚಂಡಮಾರುತ ಒಂದೇ ದಿನದಲ್ಲಿ ಏಳೂವರೆ ಮೀಟರ್ ಮಳೆ ಸುರಿಸಿತ್ತು. ಹನ್ನೊಂದಕ್ಕೆ ಸಮಿತಿಯ ಮುಂದೆ ನಿಲ್ಲಬೇಕಿತ್ತು. ನಿಜವಾದ ಚಂಡಮಾರುತದಲ್ಲಿ ಉಪಗ್ರಹ ಅಳೆದ ಮಳೆಗೆ ನನ್ನ ಲೆಕ್ಕ ಹೊಂದದಿದ್ದರೆ ಮೂರು ವರ್ಷದ ಸಂಶೋಧನೆ ಮಣ್ಣುಪಾಲು.

ಪಕ್ಕದ ಮೇಜಿನ ಅಕ್ಕ ಇಣುಕಿದಳು. "ಏನೇ ಇದು? ನಮ್ಮ ಎರಡನೇ ಮಹಡೀಲೂ ಎದೆಮಟ್ಟ ನೀರು ನಿಲ್ಲುತ್ತಲ್ಲೇ!"

"ನಗಬೇಡ ಅಕ್ಕಾ" ಎಂದು ನಾನೇ ನಕ್ಕುಬಿಟ್ಟೆ.

"ಅಲ್ವೇ, ಅಷ್ಟು ತೇವ ಗಾಳೀಲಿ ಎಲ್ಲಿತ್ತು ಅಂತ ನೋಡಿದ್ಯಾ?"

ನೋಡಿದೆ. ಗಾಳಿ ಹೊತ್ತು ತಂದ ತೇವಕ್ಕೆ ಸಮುದ್ರದಿಂದ ಆವಿಯಾದದ್ದನ್ನು ಕೂಡಿದರೂ ಅರವತ್ತು ಸೆಂಟಿಮೀಟರ್ ಮಳೆಗಷ್ಟೇ ಸಾಕಾಗುತ್ತಿತ್ತು. ಆಗ ಹೊಳೆಯಿತು. ಚಂಡಮಾರುತವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ ಪ್ರತಿ ಗಂಟೆಗೂ ಬರೆಯುವುದು ದಿನದ ಆರಂಭದಿಂದ ಅಲ್ಲಿಯವರೆಗೆ ಬಿದ್ದ ಒಟ್ಟು ಮಳೆಯನ್ನು. ನಾನು ಆ ಇಪ್ಪತ್ನಾಲ್ಕು ಒಟ್ಟುಗಳನ್ನೂ ಮತ್ತೆ ಕೂಡಿದ್ದೆ! ಕೊನೆಯದೊಂದೇ ಸಾಕಿತ್ತು. ಅದು ಅರವತ್ತು. ಉಪಗ್ರಹದ ಲೆಕ್ಕ ಅರವತ್ತೊಂದು.

"ಅಕ್ಕಾ!" ಎಂದು ಕಿರುಚಿ ಅವಳ ತಿರುಗುಕುರ್ಚಿಯನ್ನು ಮೂರು ಸುತ್ತು ತಿರುಗಿಸಿದೆ.

"ಬಿಡೇ ಮಾರಾಯ್ತಿ, ತಲೆ ಸುತ್ತುತ್ತೆ! ಹನ್ನೊಂದಾಯ್ತು, ಓಡು!"

ಎರಡೆರಡು ಮೆಟ್ಟಿಲು ಹಾರಿದೆ. ಒಂದು ಚಪ್ಪಲಿ ಕಳಚಿಬಿತ್ತು, ನಿಲ್ಲಲಿಲ್ಲ. ಸಮಿತಿಯ ಮುಂದೆ ಏದುಸಿರು ಬಿಡುತ್ತ, ಹಲ್ಲು ಕಿರಿಯುತ್ತ ಎರಡೂ ಲೆಕ್ಕ ತೋರಿಸಿದೆ, ತಪ್ಪಿದ್ದನ್ನೂ ಸೇರಿಸಿ.

ಅಧ್ಯಕ್ಷೆ ಪರದೆಯನ್ನು ನೋಡಿದರು, ನನ್ನ ಕಾಲನ್ನು ನೋಡಿದರು.

"ಮಳೆ ಸರಿಯಾಗಿದೆ. ಪ್ರಬಂಧ ಬರೆಯೋಕೆ ಶುರು ಮಾಡಮ್ಮ. ಮೊದಲು ಹೋಗಿ ಚಪ್ಪಲಿ ಹಾಕ್ಕೊಂಡು ಬಾ."