ಬಾಗಿಲ ಪಕ್ಕದ ಜಾಗ

"ಕಾಲರ್ ಗುಂಡಿ ಹಾಕ್ಬೇಡಿ ಅತ್ತಿಗೆ, ಬದುಕಿದ್ದಾಗಲೇ ಹಾಕಿಸ್ಕೊಂಡವನಲ್ಲ," ಎಂದು ನಾದಿನಿ ಕೈ ಹಿಡಿದಳು. ಆದರೂ ಆಕೆ ಗಂಡನ ಅಂಗಿಯ ಗುಂಡಿ ಹಾಕಿಯೇಬಿಟ್ಟಳು. ಆಯುಷ್ಯವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು ಶವಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದ. ಕಾಯಿಲೆ ಕಸಾಲೆ ಎಂದು ಒಂದು ಭಾನುವಾರವೂ ಚರ್ಚು ತಪ್ಪಿಸದವನು, ನಿದ್ದೆಯಲ್ಲೇ ಹೊರಟುಹೋಗಿದ್ದ.

ಪಾದ್ರಿಗಳು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಮ್ಮಾ, ಅವರ ಬಗ್ಗೆ ನಾಲ್ಕು ಮಾತು ಹೇಳ್ಬೇಕು. ಚರ್ಚಲ್ಲಿ ಏನು ಸೇವೆ ಮಾಡ್ತಿದ್ರು?"

"ಸೇವೆನಾ?" ನಾದಿನಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಹಾಡೋಕೆ ನಿಂತ್ರೆ ಪಕ್ಕದೋರಿಗೂ ರಾಗ ತಪ್ಪೋದು. ವಾಕ್ಯ ಓದೋಕೆ ಕರೆದ್ರೆ ಕೆಮ್ಮು. ಕೊನೇ ಬೆಂಚು ಬಿಟ್ಟು ಅಲ್ಲಾಡಿದವನಲ್ಲ ನಮ್ಮಣ್ಣ."

ಪಾದ್ರಿಗಳು ಆಕೆಯ ಮುಖ ನೋಡಿದರು. ಆಕೆ ಗಂಡನ ಕಾಲರ್ ಮತ್ತೆ ಸರಿಮಾಡಿದಳು. ಅಳುವಿಗಿಂತ ಹೆಚ್ಚಾಗಿ ಒಂದೇ ಪ್ರಶ್ನೆ ಬೆಳಗಿನಿಂದ ಕೊರೆಯುತ್ತಿತ್ತು: ಈ ಮನುಷ್ಯ ದೇವರಿಗಾಗಿ ಬರುತ್ತಿದ್ದನೋ, ಹೆಂಡತಿಯ ಕಾಟಕ್ಕೆ ಬರುತ್ತಿದ್ದನೋ?

*

ಒಮ್ಮೆ ಆಕೆ ಜಗಳವನ್ನೇ ತೆಗೆದಿದ್ದಳು.

"ಎಲ್ಲರ ಗಂಡಂದಿರೂ ಪಕ್ಕದಲ್ಲಿ ಕೂರ್ತಾರೆ. ನೀವು ಮಾತ್ರ ಮುನಿಸಿಕೊಂಡೋರ ಹಾಗೆ ಬಾಗಿಲ ಹತ್ರ. ನಾನೇನು ಕಚ್ತೀನಾ?"

"ಕಂಡಕ್ಟರ್ ಜಾಗ ಬಾಗಿಲ ಹತ್ರಾನೇ ಕಣೇ. ಕೊನೇಲಿ ಓಡಿ ಬರೋರು ಇರ್ತಾರಲ್ಲ."

"ಚರ್ಚಿಗೂ ಟಿಕೆಟ್ ಹರೀತೀರಾ?"

ಅವನು ಹೊಟ್ಟೆ ಕುಲುಕಿಸಿ ನಕ್ಕ. ಆಕೆ ಎರಡು ದಿನ ಮಾತು ಬಿಟ್ಟಳು. ಬಸ್ಸಿನಲ್ಲೂ ಅವನದು ಅದೇ ಕತೆ. ದೂರದಲ್ಲಿ ಯಾರಾದರೂ ಚೀಲ ಹಿಡಿದು ಓಡಿಬರುವುದು ಕಂಡರೆ ಸೀಟಿ ಊದುತ್ತಿರಲಿಲ್ಲ. ಒಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನವಿದ್ದರೂ ಮೆಟ್ಟಿಲಲ್ಲಿ ನೇತಾಡುತ್ತ, "ಬನ್ನಿ, ಜಾಗ ಇದೆ!" ಎಂದು ಕೂಗುವನು. ಡ್ರೈವರುಗಳು ಅವನಿಗೆ 'ಜಾಗ ಇದೆ' ಎಂದೇ ಹೆಸರಿಟ್ಟಿದ್ದರು.

*

ಪೆಟ್ಟಿಗೆಯನ್ನು ಚರ್ಚಿಗೆ ತಂದ ಮೇಲೆ ಪಾದ್ರಿಗಳು ಪ್ರಾರ್ಥನೆ ಶುರುಮಾಡಿ ಒಂದು ವಾಕ್ಯ ಮುಗಿಸಿರಲಿಲ್ಲ. ಹಿಂದೆ ಬಾಗಿಲು ತಾನಾಗಿ ದಢಾರ್ ಎಂದು ಮುಚ್ಚಿಕೊಂಡಿತು. ಎಲ್ಲರೂ ಬೆಚ್ಚಿಬಿದ್ದರು. ತಡವಾಗಿ ಬಂದ ಮುದಿ ಡ್ರೈವರ್ ತಾನೇ ಕೊಲೆ ಮಾಡಿದವನಂತೆ ಗೋಡೆಗೆ ಒತ್ತಿಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಇನ್ಯಾರೋ ಬಂದರು, ಮತ್ತೆ ದಢಾರ್. ಮಡಿಲಲ್ಲಿದ್ದ ಒಂದು ಕೂಸು ಎದ್ದು ಕಿರುಚಿತು.

ಪಾದ್ರಿಗಳು ಪುಸ್ತಕ ಕೆಳಗಿಳಿಸಿದರು. "ಈ ಬಾಗಿಲಿಗೆ ಇವತ್ತೇನಾಯ್ತು? ನಾನು ಬಂದಾಗಿನಿಂದ ಒಂದು ಭಾನುವಾರನೂ ಹೀಗೆ ಹೊಡ್ಕೊಂಡಿದ್ದಿಲ್ಲ."

ಆಕೆ ತಿರುಗಿ ನೋಡಿದಳು. ಕೊನೆಯ ಬೆಂಚಿನ ತುದಿ ಖಾಲಿಯಿತ್ತು. ಅಲ್ಲಿ ಕೂತವನು ಕೈ ಚಾಚಿದರೆ ಬಾಗಿಲು ನೇರ ಅಂಗೈಗೇ ಸಿಗುವಂತಿತ್ತು.

ಆಕೆ ಎದ್ದಳು.

"ಎಲ್ಲಿಗೆ ಅತ್ತಿಗೆ?" ನಾದಿನಿ ಗಾಬರಿಯಾದಳು.

ಆಕೆ ಹಿಂದಕ್ಕೆ ನಡೆದು ಆ ತುದಿಯಲ್ಲಿ ಕೂತಳು. ಬಾಗಿಲ ಅಂಚಿನಲ್ಲಿ, ಕೂತವನ ಕೈ ತಾಗುವ ಎತ್ತರದಲ್ಲಿ, ಅಂಗೈಯಗಲ ಬಣ್ಣ ಸವೆದು ಮರ ನುಣ್ಣಗಾಗಿತ್ತು. ಆಕೆ ಅದರ ಮೇಲೆ ಕೈಯಿಟ್ಟಳು. ಒಬ್ಬರಿಗೂ ಹೇಳಲಿಲ್ಲವಲ್ಲ, ಕಟ್ಟಿಕೊಂಡ ನನಗೂ ಹೇಳಲಿಲ್ಲವಲ್ಲ, ಕಳ್ಳ! ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. ಬೆಳಗಿನಿಂದ ಕೊರೆಯುತ್ತಿದ್ದುದು ಎಲ್ಲಿ ಹೋಯಿತೋ, ಎದೆ ಹಗುರವಾಯಿತು.

"ಅಮ್ಮಾ, ಏನಾದ್ರೂ ಹೇಳ್ತೀರಾ?" ಪಾದ್ರಿಗಳು ಅಲ್ಲಿಂದಲೇ ಕೇಳಿದರು.

"ನೀವು ಮುಂದುವರಿಸಿ. ಬಾಗಿಲು ನಾನು ನೋಡ್ಕೋತೀನಿ."

ಪ್ರಾರ್ಥನೆ ಮತ್ತೆ ಶುರುವಾಯಿತು. ಹೊರಗೆ ದಡದಡ ಹೆಜ್ಜೆ ಕೇಳಿಸಿತು. ಹೆಗಲ ಮೇಲೆ ನಿದ್ದೆಹೋದ ಮಗುವನ್ನು ಹಾಕಿಕೊಂಡ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು, ಒಳಗೆ ಇಣುಕಿ, ತಡವಾಯಿತೆಂದು ಹಿಂಜರಿದು ನಿಂತಳು.

ಆಕೆ ಬಾಗಿಲನ್ನು ಪೂರಾ ತೆರೆದು ಹಿಡಿದಳು.

"ಬನ್ನಿ," ಎಂದು ಪಿಸುಗುಟ್ಟಿದಳು, "ಜಾಗ ಇದೆ."

ಹೆಂಗಸು ಒಳಗೆ ಬಂದಳು. ಬಾಗಿಲು, ಸವೆದ ಜಾಗದಲ್ಲಿಟ್ಟ ಆಕೆಯ ಅಂಗೈಗೆ ಭಾರ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಬಂದು ಚೌಕಟ್ಟಿಗೆ ಕೂತಿತು. ಮಗು ಏಳಲಿಲ್ಲ.